ಬೆಣ್ಣೆಯ ಡೆಲ್ಮರ್

ವೆಸ್ಟ್‌ಡಾಲ್, ಮಿನ್ನೆಸೋಟ
೧೧ ಮೇ ೧೯೯೩

ಡೆಲ್ಮರ್,

ನಿಂತಿದ್ದರೆ ಕುಳಿತುಕೋ. ಕುಳಿತಿದ್ದರೆ ಏನಾದರೂ ಹಿಡಿದುಕೋ. ಈ ವರ್ಷದ ಕೌಂಟಿ ಮೇಳದಲ್ಲಿ ನಿನ್ನನ್ನು ಬೆಣ್ಣೆಯಲ್ಲಿ ಕೆತ್ತುತ್ತಾರಂತೆ!

ನಿನ್ನೆ ಸಮಿತಿಯ ಸಭೆಯಾಯಿತು. ಶಾಲೆಯ ಬಸ್ಸು ಓಡಿಸುವವಳನ್ನು ಸಮಿತಿಗೆ ಹಾಕಿಕೊಂಡದ್ದು ಕಾಫಿ ಕಾಯಿಸುವುದಕ್ಕೆ ಎಂದು ನನಗೆ ಗೊತ್ತು. ಆದರೂ ಬಾಯಿ ಇದ್ದವಳು ಸುಮ್ಮನಿರುತ್ತೇನೆಯೇ? ಹೋದ ವರ್ಷ ಡೈರಿಯವರು ಆರಿಸಿದ ಹಾಲಿನ ರಾಣಿಯನ್ನು ಕೆತ್ತಿದರು, ಅದರ ಹಿಂದಿನ ವರ್ಷ ನ್ಯಾಯಾಧೀಶರನ್ನು. ಈ ವರ್ಷ ಯಾರು ಎಂದಾಗ ಟಿವಿಯಲ್ಲಿ ಹವಾಮಾನ ಹೇಳುತ್ತಾನಲ್ಲ, ನಮ್ಮ ಕೌಂಟಿಯವನೇ, ರೆಕ್ಸ್ ಡಾಲ್ಬಿ, ಅವನ ಹೆಸರು ಬಂತು. ನಾನು ಎದ್ದು ನಿಂತು, "ಅವ್ನು ಬಿಸಿಲು ಅಂದ ದಿನ ನಾವೆಲ್ಲ ಕೊಡೆ ತಗೊಂಡು ಹೋಗ್ತೀವಿ. ನಮ್ಮ ಡೆಲ್ಮರ್ ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿದ, ಒಂದು ಸಲಾನೂ ತಪ್ಪಲಿಲ್ಲ," ಎಂದೆ. ಅಧ್ಯಕ್ಷರು ಗ್ಯಾರಿ ಪ್ರೆಂಟಿಸ್ ಎಂದು, ಶಿಕಾಗೋದಿಂದ ಬಂದವರು, ಬ್ಯಾಂಕಿನ ಹೊಸ ಮ್ಯಾನೇಜರು. ಅವರು, "ಯಾವ ಡೆಲ್ಮರ್?" ಎಂದರು. ಉಳಿದವರು ಅವರಿಗೆ ವಿವರಿಸಲು ಹೋಗಿ, ನೀನು ಮಾಡುತ್ತಿದ್ದ ಕೆಲಸ ಏನು ಎಂದು ಅವರವರಲ್ಲೇ ಜಗಳವಾಯಿತು. ಕೊನೆಗೆ ಜಗಳ ಮುಗಿಯಲಿ ಎಂದೇ ನಿನ್ನನ್ನು ಆರಿಸಿದರು.

ಈಗ ಎರಡು ಕೆಲಸ. ಒಂದು, ಕೆತ್ತುವವಳಿಗೆ ನಿನ್ನ ಫೋಟೊಗಳು ಬೇಕು. ಲೊರೇನ್ ಪಿಟ್‌ಕಿನ್ ಎಂದು ಅವಳ ಹೆಸರು. ಆಟದ ಫೋಟೊನೇ ಆಗಬೇಕು, ಮುಖ ಚೆನ್ನಾಗಿ ಕಾಣಬೇಕು ಎಂದಿದ್ದಾಳೆ. ಎರಡನೆಯದು ನಿನಗೂ ಗೊತ್ತಿರುವುದೇ. ನಮ್ಮಲ್ಲಿ ಯಾರನ್ನು ಕೆತ್ತುತ್ತಾರೋ ಅವರ ಮನೆಯ ಹಸುಗಳ ಕೆನೆಯಿಂದಲೇ ಬೆಣ್ಣೆಯಾಗಬೇಕು. ಅಂದರೆ ಅಪ್ಪ ಕೊಡಬೇಕು. ಕೊಡದಿದ್ದರೆ ಆ ಗೌರವ ಮುಂದಿನವರಿಗೆ ಹೋಗುತ್ತದೆ.

ಅಪ್ಪನಿಗೆ ವಿಷಯ ಹೇಳಿದೆ. ನಾನು, ನನ್ನ ಗಂಡ, ಮಕ್ಕಳು ಎಲ್ಲ ಊಟದ ಮೇಜಿನ ಸುತ್ತ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಅಪ್ಪ "ಹೂಂ" ಅಂದ. ಆಮೇಲೆ ಆಲೂಗಡ್ಡೆ ಈ ಕಡೆ ಕೊಡು ಎಂದ. ಅಧ್ಯಕ್ಷರು ತಾವೇ ಬಂದು ಪದ್ಧತಿಯ ಪ್ರಕಾರ ಕೇಳುತ್ತಾರಂತೆ, ನೋಡೋಣ.

ಫೋಟೊ ಬೇಗ ಕಳಿಸು.

ಬಸ್ಸಿನ ಹೊತ್ತಾಯಿತು,
ಆರ್ಡಿಸ್

*

ಪೋರ್ಟ್ ಲ್ಯಾಂಬರ್ಟ್, ಟೆಕ್ಸಸ್
೨೨ ಮೇ ೧೯೯೩

ಅಕ್ಕಾ,

ನಿನ್ನ ಪತ್ರ ಓದಿ ಫೋಟೊಗಳ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದುಕೊಂಡು ಕುಳಿತೆ. ರಾಶಿ ರಾಶಿ ಇವೆ. ಎಲ್ಲದರಲ್ಲೂ ನಾನಿದ್ದೇನೆ. ಒಂದರಲ್ಲೂ ನನ್ನ ಮುಖವಿಲ್ಲ. ಮುಂದಿನಿಂದ ತೆಗೆದದ್ದರಲ್ಲಿ ಶಿರಸ್ತ್ರಾಣದ ನೆತ್ತಿ ಕಾಣುತ್ತದೆ, ಹಿಂದಿನಿಂದ ತೆಗೆದದ್ದರಲ್ಲಿ ಏನು ಕಾಣುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಅತ್ಯಂತ ಒಳ್ಳೆಯದನ್ನು ಆರಿಸಿ ಕಳಿಸಿದ್ದೇನೆ. ಪಾಪ ಆ ಹೆಂಗಸಿಗೆ ಮೊದಲೇ ಎಚ್ಚರಿಕೆ ಹೇಳಿ ಲಕೋಟೆ ಕೊಡು.

ನಿಮ್ಮ ಸಮಿತಿಯಲ್ಲಿ ಮತ್ತೆ ಜಗಳವಾಗದಿರಲಿ ಎಂದು ನನ್ನ ಕೆಲಸ ಏನೆಂದು ಇಲ್ಲೇ ಬರೆದುಬಿಡುತ್ತೇನೆ. ನಮ್ಮ ಆಟದಲ್ಲಿ ಕೈಯಲ್ಲಿ ಹಿಡಿದು ಓಡುವ ಚೆಂಡನ್ನು ಇನ್ನು ಮುಂದಕ್ಕೆ ಒಯ್ಯಲಾಗುವುದಿಲ್ಲ ಎಂದಾಗ ಅದನ್ನು ಒದೆಯಬೇಕಾಗುತ್ತದೆ. ಒದೆಯುವವನು ನನ್ನಿಂದ ಹದಿನೈದು ಗಜ ಹಿಂದೆ ನಿಂತಿರುತ್ತಾನೆ. ನಾನು ಬಗ್ಗಿ, ಕಾಲಸಂದಿಯಿಂದ ಅವನನ್ನು ತಲೆಕೆಳಗಾಗಿ ನೋಡಿ, ಚೆಂಡು ನೇರವಾಗಿ ಅವನ ಕೈಗೆ ಬೀಳುವ ಹಾಗೆ ಹಿಂದಕ್ಕೆ ಎಸೆಯಬೇಕು. ಎಸೆದು ತಲೆ ಎತ್ತುವಷ್ಟರಲ್ಲಿ ಗೂಳಿಯಂಥ ಒಬ್ಬ ಆಳು ಬಂದು ನನ್ನ ಕತ್ತಿನ ಮೇಲೆ ಬಿದ್ದಿರುತ್ತಾನೆ. ಇಷ್ಟೇ. ಇದನ್ನು ಹದಿನಾಲ್ಕು ವರ್ಷ ಮಾಡಿದೆ. ಒಂದೇ ಒಂದು ಚೆಂಡು ಅಡ್ಡ ಹೋಗಲಿಲ್ಲ. ಅದಕ್ಕೇ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಈ ಕೆಲಸದಲ್ಲಿ ತಪ್ಪು ಮಾಡಿದರೆ ಮಾತ್ರ ಹೆಸರು ಬರುತ್ತದೆ. ಟಿವಿಯವರು ಒಮ್ಮೆ ನನ್ನ ಹೆಸರು ಹೇಳಿದರು, ಅದನ್ನೂ 'ಡೆಲ್ಬರ್ಟ್' ಎಂದರು.

ಮೊನ್ನೆ ತರಕಾರಿ ಅಂಗಡಿಯಲ್ಲಿ ಒಬ್ಬ ಎದುರಿಗೆ ಬಂದು ನಕ್ಕ. ನಾನೂ ನಕ್ಕೆ. ಯಾರೆಂದು ಹೊಳೆಯಲಿಲ್ಲ. ಅವನು, "ಲೋ, ನಾನು ಎಮೆರಿ ಕಣೋ, ಹತ್ತು ವರ್ಷ ನಿನ್ ಹಿಂದೆ ನಿಂತು ಚೆಂಡು ಒದ್ದಿಲ್ವೇನೋ!" ಎಂದ. ತಪ್ಪು ನನ್ನದಲ್ಲ ಅಕ್ಕ, ನಾನು ಅವನನ್ನು ನೆಟ್ಟಗೆ ನೋಡಿದ್ದೇ ಕಡಿಮೆ.

ತಮಾಷೆ ಸಾಕು. ನಿಜ ಹೇಳುತ್ತೇನೆ, ನನಗೆ ಆಸೆಯಾಗಿದೆ. ಬೆಣ್ಣೆಯಾದರೇನು, ನಾಲ್ಕು ದಿನದಲ್ಲಿ ಕರಗಿದರೇನು. ಊರವರು ನೋಡಲಿ ಎಂದಲ್ಲ. ಇಷ್ಟು ವರ್ಷದಲ್ಲಿ ಅಪ್ಪ ನನ್ನ ಕೆಲಸದ ಬಗ್ಗೆ ಒಂದು ಮಾತು ಆಡಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಫೋನ್ ಮಾಡಿದರೆ ಹಸುಗಳ ಕ್ಷೇಮಸಮಾಚಾರ ಹೇಳಿ ನಿನಗೆ ಕೊಡುತ್ತಾನೆ. ಅವನು ಬೆಣ್ಣೆಗೆ ಕೆನೆ ಕೊಟ್ಟನೆಂದರೆ, ನಾನು ಮಾಡಿದ್ದೂ ಒಂದು ಕೆಲಸವೇ ಎಂದು ಒಪ್ಪಿಕೊಂಡ ಹಾಗೆ. ನನಗೆ ಅಷ್ಟು ಸಿಕ್ಕರೆ ಸಾಕು. ಮೇಳಕ್ಕೆ ಬಂದು ಆ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತೇನೆ.

ಬೆನ್ನು ನೋವು ಬಿಟ್ಟರೆ ಆರೋಗ್ಯವಾಗಿರುವ,
ಡೆಲ್ಮರ್

*

ವೆಸ್ಟ್‌ಡಾಲ್
೧೪ ಜೂನ್ ೧೯೯೩

ಡೆಲ್ಮರ್,

ಮೊದಲು ನಗುವ ಸುದ್ದಿ. ಲೊರೇನ್ ನಿನ್ನ ಫೋಟೊಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಮೇಡಂ, ಇವ್ರಿಗೆ ಮುಖ ಇದೆ ತಾನೆ?" ಎಂದಳು. ನಿನ್ನ ಹೈಸ್ಕೂಲಿನ ಕೊನೆಯ ವರ್ಷದ ಫೋಟೊ ಒಂದು ಅಮ್ಮನ ಕಪಾಟಿನಲ್ಲಿತ್ತು, ಅದನ್ನು ಕೊಟ್ಟೆ. ಅಂದರೆ ಹಿಂಭಾಗ ಮೂವತ್ತೊಂಬತ್ತು ವರ್ಷದ್ದು, ಮುಖ ಹದಿನೇಳರದ್ದು. ಮೊಡವೆಗಳನ್ನು ಬಿಟ್ಟುಬಿಡಲು ಹೇಳಿದ್ದೇನೆ.

ಈಗ ಇನ್ನೊಂದು ಸುದ್ದಿ. ಪ್ರೆಂಟಿಸ್ ಅವರು ಟೈ ಕಟ್ಟಿಕೊಂಡು ಕೊಟ್ಟಿಗೆಗೇ ಬಂದರು. ಅಪ್ಪ ಹಾಲು ಕರೆಯುವ ಯಂತ್ರ ತೊಳೆಯುತ್ತಿದ್ದ. ಅವರು, "ನಿಮ್ಮ ಮಗನಿಗಾಗಿ ಬೆಣ್ಣೆ ಕೊಡ್ತೀರಾ ಸಾರ್?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅಪ್ಪ ತಲೆಯೆತ್ತದೆ, "ಬೇಡ ಬಿಡಿ, ಅವೆಲ್ಲಾ ಯಾಕೆ ಸುಮ್ನೆ," ಎಂದ. ಪ್ರೆಂಟಿಸ್, "ಓ, ಸರಿ ಸಾರ್, ಅರ್ಥ ಆಯ್ತು," ಎಂದು ಟೋಪಿ ಮುಟ್ಟಿ ಹೋಗಿಯೇಬಿಟ್ಟರು! ಕಾರಿನ ಧೂಳು ಅಡಗುವವರೆಗೂ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ನನಗೆ ಪಿತ್ತ ನೆತ್ತಿಗೇರಿತು. ಸಂಜೆ ನಾನೇ ಕೇಳಿದೆ. "ಅಪ್ಪಾ, ನಿನ್ ಮಗಂದು ಕಣಪ್ಪಾ. ಕೊಟ್ರೆ ನಿನ್ ಗಂಟೇನು ಹೋಗುತ್ತೆ?" ಎಂದೆ. ಅಪ್ಪ, "ಬೆಣ್ಣೆ ಇರೋದು ತಿನ್ನೋಕೆ. ಬಗ್ಗಿ ನಿಂತಿರೋನ್ನ ಮಾಡೋಕೆ ತೊಂಬತ್ತು ಪೌಂಡಾ? ಬೇಡ," ಎಂದ. ಅಲ್ಲಿಗೆ ಮುಗಿಯಿತು. ನನಗೆ ಅಳು ಬಂದು ಎದ್ದು ಹೋಗಿ ಪಾತ್ರೆ ತಿಕ್ಕಿದೆ.

ಜುಲೈ ಹತ್ತರೊಳಗೆ ಕೆನೆ ಕೊಡುವುದು ಖಚಿತವಾಗದಿದ್ದರೆ ರೆಕ್ಸ್ ಡಾಲ್ಬಿಯೇ ಎಂದು ಸಮಿತಿ ತೀರ್ಮಾನಿಸಿದೆ. ಅವನ ತಮ್ಮ ಆಗಲೇ ಹಸುಗಳಿಗೆ ಸ್ನಾನ ಮಾಡಿಸುತ್ತಿದ್ದಾನಂತೆ. ಬೇಜಾರಾಗಬೇಡ ಎಂದು ಬರೆಯಲು ಹೊರಟೆ, ಆದರೆ ನನಗೇ ಬೇಜಾರಾಗಿದೆ.

ನಿನ್ನ ಪರವಾಗಿ ಸೋತ,
ಆರ್ಡಿಸ್

*

ಪೋರ್ಟ್ ಲ್ಯಾಂಬರ್ಟ್
೨೫ ಜೂನ್ ೧೯೯೩

ಅಕ್ಕಾ,

ಬಿಟ್ಟುಬಿಡು. ಹವಾಮಾನದವನನ್ನೇ ಕೆತ್ತಲಿ. ಅವನಿಗಾದರೆ ಮುಖವಿದೆ, ಹಲ್ಲುಗಳಿವೆ, ಬೆಣ್ಣೆಯಲ್ಲಿ ಚೆನ್ನಾಗಿ ಬರುತ್ತದೆ.

ನನಗೆ ಆಶ್ಚರ್ಯವಾಗಲಿಲ್ಲ. ತಂಡಕ್ಕೆ ಸೇರಿದ ಮೊದಲ ವರ್ಷ ಅಪ್ಪನಿಗೆ ವಿಮಾನದ ಟಿಕೆಟ್ ಕಳಿಸಿದ್ದೆ, ಆಟ ನೋಡಲು ಬಾ ಎಂದು. "ಬೇಡ, ಹಸು ಕರೀಬೇಕು" ಎಂದು ವಾಪಸ್ ಕಳಿಸಿದ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಮತ್ತೆ ಕಳಿಸಿದೆ. "ಅಷ್ಟು ದೂರ ಯಾಕೆ ಸುಮ್ಮನೆ" ಎಂದು ಅದೂ ವಾಪಸ್ ಬಂತು. ಅಲ್ಲಿಗೆ ನಿಲ್ಲಿಸಿದೆ. ನನಗೂ ಮಾನ ಮರ್ಯಾದೆ ಇಲ್ಲವೇ? ಬೇಡ ಎಂದವನ ಬಾಗಿಲಿಗೆ ಎಷ್ಟು ಸಲ ಹೋಗಿ ನಿಲ್ಲುವುದು? ಇಲ್ಲಿಯ ಜನ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ನನಗೆ ಈಗ ಅದೇ ಅಭ್ಯಾಸವಾಗಿದೆ, ಅದೇ ಆರಾಮ.

ತಂಡದ ಉಳಿದವರ ಅಪ್ಪಂದಿರು ಬರುತ್ತಿದ್ದರು. ಕುಡಿದು ಕೂಗಾಡಿ ಮರ್ಯಾದೆ ಕಳೆಯುತ್ತಿದ್ದರು. ಎಮೆರಿಯ ಅಪ್ಪನನ್ನು ಒಂದು ಸಲ ಪೊಲೀಸರು ಎತ್ತಿಕೊಂಡೇ ಹೊರಗೆ ಹಾಕಿದರು. ಎಮೆರಿ ನಾಚಿಕೆಯಿಂದ ಸಾಯುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಮೇಳಕ್ಕೆ ನಾನು ಬರುವುದಿಲ್ಲ. ಇನ್ನು ಈ ವಿಷಯ ಬರೆಯಬೇಡ.

ಡೆಲ್ಮರ್

*

ವೆಸ್ಟ್‌ಡಾಲ್
೮ ಜುಲೈ ೧೯೯೩

ಡೆಲ್ಮರ್,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಪೂರ್ತಿ ಓದು. ಓದದೆ ಹರಿದರೆ ಬಸ್ಸು ಓಡಿಸಿಕೊಂಡು ಟೆಕ್ಸಸ್ಸಿಗೇ ಬರುತ್ತೇನೆ.

ನಿನ್ನೆ ಚರ್ಚಿನಲ್ಲಿ ಸ್ಟ್ರಾಬೆರಿ ಕೂಟ. ಕಾಫಿ, ಕೇಕು ಹಂಚುವ ಸರದಿ ಪ್ರೆಂಟಿಸ್ ಅವರ ಹೆಂಡತಿಯದು. ಆಯಮ್ಮ ಅಪ್ಪನ ಮುಂದೆ ಬಂದು, "ಕೇಕ್ ತಗೊಳ್ತೀರಾ?" ಎಂದಳು. ಅಪ್ಪ ಹೊಟ್ಟೆ ಸವರಿಕೊಂಡು, "ಅಯ್ಯೋ, ಬೇಡಮ್ಮ," ಎಂದ. ಆಯಮ್ಮ "ಸರಿ" ಎಂದು ಮುಂದೆ ಹೋದಳು. ಅಪ್ಪ ಕೈಯಲ್ಲಿ ಫೋರ್ಕು ಹಿಡಿದೇ ಕುಳಿತಿದ್ದ! ಅವಳು ತಿರುಗಿ ಬರುತ್ತಾಳೆಂದು ಕಾದ. ಬರಲಿಲ್ಲ. ಕೇಕು ಖಾಲಿಯಾಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಗೊಣಗಾಟ. "ಎಂಥಾ ಜನ ಇವ್ರು! ಒಂದೇ ಸಲ ಕೇಳೋದಾ? ಬೇಡ ಅಂದ ತಕ್ಷಣ ಹೊರಟೇಬಿಡೋದಾ? ಮನುಷ್ಯನಿಗೆ ಬೇಡ ಅನ್ನೋಕೆ ಒಂದು ಅವಕಾಶ, ಬೇಡಪ್ಪಾ ಅನ್ನೋಕೆ ಇನ್ನೊಂದು ಅವಕಾಶ, ಆಮೇಲೆ ತಾನೆ ತಗೊಳ್ಳೋದು? ಮೊದಲನೇ ಸಲಾನೇ ಹೂಂ ಅಂದ್ರೆ ಹೊಟ್ಟೆಬಾಕ ಅನ್ನೋಲ್ವಾ?"

ನಾನು ಗಕ್ಕನೆ ಬ್ರೇಕು ಹಾಕಿದೆ. ಅಪ್ಪನ ಟೋಪಿ ಹಾರಿ ಮುಂದೆ ಬಿತ್ತು.

ಕೇಕಿಗೆ, ಕಾಫಿಗೆ ಈ ಪದ್ಧತಿ ನನಗೆ ಗೊತ್ತಿಲ್ಲವೇ? ಅದರಲ್ಲೇ ಬೆಳೆದವರಲ್ಲವೇ ನಾವು! ಆದರೆ ತೊಂಬತ್ತು ಪೌಂಡು ಬೆಣ್ಣೆಗೂ ಅಪ್ಪನದು ಅದೇ ಪದ್ಧತಿ ಎಂದು ನನ್ನ ಮಂಡೆಗೆ ಹೊಳೆದಿರಲಿಲ್ಲ. ಪ್ರೆಂಟಿಸ್ ಒಂದು ಸಲ ಕೇಳಿದರು. ನಾನು ಒಂದು ಸಲ ಕೇಳಿದೆ. ಆಮೇಲೆ ಯಾರೂ ಕೇಳಲಿಲ್ಲ.

ರಸ್ತೆ ಮಧ್ಯದಲ್ಲೇ ಬಂಡಿ ನಿಲ್ಲಿಸಿಕೊಂಡು, "ಅಪ್ಪಾ, ಡೆಲ್ಮರ್‌ಗೆ ಬೆಣ್ಣೆ ಕೊಡ್ತೀಯಾ?" ಎಂದೆ. ಅಪ್ಪ ಕಿಟಕಿಯಾಚೆ ನೋಡುತ್ತ, "ಸರಿ, ಅಷ್ಟು ಬಲವಂತ ಮಾಡಿದ್ರೆ ಏನ್ಮಾಡೋದು," ಎಂದ. ಡೈರಿಗೆ ಇವತ್ತೇ ಹೇಳಬೇಕಲ್ಲ, ಹೊತ್ತು ಮೀರಿತಲ್ಲ ಎಂದು ನಾನು ಗಡಿಬಿಡಿ ಮಾಡಿದರೆ, "ಡೈರಿಯವ್ನಿಗೆ ಆಗ್ಲೇ ಹೇಳಿದೀನಿ. ನಮ್ಮ ಕೆನೆ ಬೇರೆ ಎತ್ತಿಡ್ತಾನೆ. ಯಾರಾದ್ರೂ ಸರಿಯಾಗಿ ಕೇಳೋವರೆಗೂ ಬಾಯಿ ಬಿಡಬೇಡ ಅಂದಿದ್ದೆ," ಎಂದ. ಯಾವಾಗ ಹೇಳಿದೆ ಎಂದರೆ ಮೇ ತಿಂಗಳಲ್ಲಿ! ಆಲೂಗಡ್ಡೆ ಈ ಕಡೆ ಕೊಡು ಎಂದನಲ್ಲ, ಅದರ ಮಾರನೆಯ ಬೆಳಿಗ್ಗೆ.

ಇನ್ನು ಮುಂದಿನದನ್ನು ಕುಳಿತು ಓದು. ನಾನು ಕೇಳಿಯೇಬಿಟ್ಟೆ. "ಅಪ್ಪಾ, ಡೆಲ್ಮರ್ ಟಿಕೆಟ್ ಕಳಿಸಿದ್ನಲ್ಲ, ಯಾಕೆ ಹೋಗಲಿಲ್ಲ?" ಎಂದೆ. ಅಪ್ಪ ಮುಂದೆ ಬಿದ್ದಿದ್ದ ಟೋಪಿ ಎತ್ತಿಕೊಂಡು ಧೂಳು ಒರೆಸಿದ. ಆಮೇಲೆ, "ಎರಡು ಸಲ ಕೇಳಿದ. ಅವ್ನು ಮತ್ತೆ ಕೇಳ್ತಾನೆ ಅಂತ ಪಕ್ಕದ ಫಾರಂನ ಎಲ್ಮೊಗೆ ಹಸು ಕರೆಯೋಕೆ ಹೇಳಿಟ್ಟಿದ್ದೆ. ಎಲ್ಮೊ ಮೂರು ವರ್ಷ ಕೇಳ್ತಾನೇ ಇದ್ದ, ಯಾವಾಗ ಹೋಗೋದು ಟೋರ್ವಾಲ್, ಯಾವಾಗ ಹೋಗೋದು ಅಂತ. ಆಮೇಲೆ ಅವ್ನೂ ಕೇಳೋದು ಬಿಟ್ಟ," ಎಂದ.

ಡೆಲ್ಮರ್, ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಹಿಂದೆ ಯಾವನೋ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಇಳಿದು ಹೋಗಿ ಅವನಿಗೆ, "ನನ್ ಮಗಳು ಅಳ್ತಿದಾಳೆ, ಸುತ್ತಿಕೊಂಡು ಹೋಗಪ್ಪ," ಎಂದು ಹೇಳಿ ಬಂದ.

ಮೇಳ ಆಗಸ್ಟ್ ಹನ್ನೊಂದರಿಂದ. ಬಾ.

ನಿನ್ನ ದಡ್ಡ ಅಕ್ಕ,
ಆರ್ಡಿಸ್

*

ವೆಸ್ಟ್‌ಡಾಲ್
೧೭ ಆಗಸ್ಟ್ ೧೯೯೩

ಡೆಲ್ಮರ್,

ನೀನು ಬರಲಿಲ್ಲ. ಒಂದು ಸಾಲೂ ಬರೆಯಲಿಲ್ಲ. ಫೋನು ಎತ್ತುವುದಿಲ್ಲ. ನಿನಗೆ ಏನೂ ಹೇಳಬಾರದು ಎಂದುಕೊಂಡಿದ್ದೆ, ಆದರೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಲೊರೇನ್ ಆ ಶೀತಲ ಗಾಜಿನ ಕೋಣೆಯಲ್ಲಿ, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಉಣ್ಣೆಯ ಕೋಟು ತೊಟ್ಟು, ಮೂರು ದಿನ ಕೆತ್ತಿದಳು. ಚೆನ್ನಾಗಿಯೇ ಕೆತ್ತಿದ್ದಾಳೆ. ನೀನು ಬಗ್ಗಿದ್ದೀಯ, ಎರಡು ಕೈಯಲ್ಲಿ ಚೆಂಡು, ಕಾಲುಗಳ ನಡುವೆ ತಲೆಕೆಳಗಾಗಿ ನಿನ್ನ ಮುಖ. ಪೀಠ ಮೆಲ್ಲಗೆ ಸುತ್ತುತ್ತಿರುತ್ತದೆಯಲ್ಲ, ಹಾಗಾಗಿ ಎಲ್ಲ ಕಡೆಯೂ ಎಲ್ಲರಿಗೂ ಒಂದೊಂದು ಸಲ ಕಾಣುತ್ತದೆ, ತೊಂದರೆಯಿಲ್ಲ ಎಂದುಕೊಂಡೆವು. ಮೇಳದ ಮೊದಲನೆಯ ದಿನ ಮಧ್ಯಾಹ್ನವೇ ಮೋಟಾರು ಕೆಟ್ಟಿತು. ಎಲ್ಲಿಗೆ ಬಂದು ನಿಂತಿತು ಗೊತ್ತೇ? ನಿನ್ನ ಹಿಂಭಾಗ ಸರಿಯಾಗಿ ಚರ್ಚಿನ ಹೆಂಗಸರ ಹಣ್ಣಿನ ಕಡುಬಿನ ಅಂಗಡಿಗೆ ಮುಖಮಾಡಿ!

ಪಾದ್ರಿಯವರ ಹೆಂಡತಿ ಮಿಸೆಸ್ ಸ್ವೆನಿಂಗ್ಸನ್ ಬಂದು, "ಆರ್ಡಿಸ್, ನಿನ್ ತಮ್ಮನ್ನ ಆ ಕಡೆ ತಿರುಗ್ಸು. ನಮ್ ಸೇಬಿನ ಕಡುಬು ಯಾರೂ ಕೊಳ್ತಿಲ್ಲ," ಎಂದರು. ರಿಪೇರಿಯವನು ಬರುವುದು ಸೋಮವಾರ, ಮೇಳ ಮುಗಿಯುವುದು ಭಾನುವಾರ. ನಾನೇನು ಮಾಡಲಿ? "ಮುಖಾನೂ ಇದೆ ಮಿಸೆಸ್ ಸ್ವೆನಿಂಗ್ಸನ್, ಸ್ವಲ್ಪ ಬಗ್ಗಿ ನೋಡಿ," ಎಂದೆ. ಅವರು ಸುತ್ತಮುತ್ತ ನೋಡಿ, ಸ್ಕರ್ಟು ಹಿಡಿದುಕೊಂಡು ಬಗ್ಗಿದರು. "ಅಯ್ಯೋ ದೇವ್ರೇ, ನಮ್ಮ ಡೆಲ್ಮರ್ರೇ ಇದು! ಭಾನುವಾರದ ಪಾಠದಲ್ಲಿ ನಿದ್ದೆ ಮಾಡ್ತಿದ್ನಲ್ಲ!" ಎಂದು ಕೂಗಿದರು. ಆಮೇಲೆ ನೋಡಬೇಕಿತ್ತು ನೀನು. ಇಡೀ ಕೌಂಟಿ ಸಾಲಿನಲ್ಲಿ ನಿಂತು, ಒಬ್ಬೊಬ್ಬರಾಗಿ ಬಗ್ಗಿ ನಿನ್ನ ಮುಖ ನೋಡಿ ಹೋಯಿತು. ನ್ಯಾಯಾಧೀಶರು ಬಗ್ಗಿದರು, ಹಾಲಿನ ರಾಣಿ ಕಿರೀಟ ಹಿಡಿದುಕೊಂಡು ಬಗ್ಗಿದಳು, ರೆಕ್ಸ್ ಡಾಲ್ಬಿ ಬಗ್ಗಿ ಮೇಲೇಳಲಾರದೆ ಇಬ್ಬರು ಹಿಡಿದೆತ್ತಬೇಕಾಯಿತು. ಬಗ್ಗಿ ಎದ್ದವರಿಗೆಲ್ಲ ಹಸಿವಾಗಿ ಕಡುಬು ಖಾಲಿಯಾಯಿತು.

ಅಪ್ಪ ದನಗಳ ಶೆಡ್ಡಿನಿಂದ ಆಚೆಗೇ ಬಂದಿರಲಿಲ್ಲ. ಕೊನೆಯ ದಿನ ಜನ ಊಟಕ್ಕೆ ಹೋದ ಹೊತ್ತು ನೋಡಿ ಬಂದ. ಟೋಪಿ ತೆಗೆದ. ಮಂಡಿಯ ಮೇಲೆ ಕೈಯೂರಿ ಬಗ್ಗಿದ. ಅಪ್ಪನ ಸೊಂಟ ನಿನಗೆ ಗೊತ್ತು, ಬೂಟಿನ ದಾರ ನಾನೇ ಕಟ್ಟಬೇಕು. ಎಷ್ಟು ಹೊತ್ತು ಹಾಗೇ ಇದ್ದನೆಂದರೆ, ನನಗೇ ಭಯವಾಗಿ ಹತ್ತಿರ ಹೋದೆ. "ಮನೆ ಬಿಟ್ಟು ಹೋಗೋವಾಗ ಹೀಗೇ ಇದ್ದ," ಎಂದ. ಆಮೇಲೆ ಎದ್ದು ನಿಂತು, "ಕಿವಿ ಸ್ವಲ್ಪ ದೊಡ್ಡದಾಯ್ತು," ಎಂದು ಹೋದ.

ಪದ್ಧತಿಯಂತೆ ಬೆಣ್ಣೆ ಮನೆಗೆ ಬಂತು. ನಿನ್ನ ತೊಡೆಗಳನ್ನು ಚರ್ಚಿನ ಮುಸುಕಿನ ಜೋಳದೂಟಕ್ಕೆ, ತೆನೆಗೆ ಸವರಲು ಕೊಟ್ಟೆ. ಬೆನ್ನಿನಿಂದ ಮಿಸೆಸ್ ಸ್ವೆನಿಂಗ್ಸನ್ ಬಿಸ್ಕತ್ತು ಮಾಡುತ್ತಿದ್ದಾರೆ. ತಲೆಯನ್ನು ಮಾತ್ರ ಅಪ್ಪ ಯಾರಿಗೂ ಮುಟ್ಟಗೊಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟಿದ್ದಾನೆ. ನಿನ್ನೆ ಬಟಾಣಿ ತೆಗೆಯಲು ಹೋಗಿ ಬಟ್ಟೆ ಸರಿದು ನಿನ್ನ ಮುಖ ಕಂಡು ಕಿಟ್ಟನೆ ಕಿರುಚಿದೆ.

ಇಷ್ಟಾದ ಮೇಲೂ ನೀನು ಬರೆಯದಿದ್ದರೆ ನನ್ನ ತಮ್ಮನೇ ಅಲ್ಲ.

ಆರ್ಡಿಸ್

*

ಪೋರ್ಟ್ ಲ್ಯಾಂಬರ್ಟ್
೫ ಸೆಪ್ಟೆಂಬರ್ ೧೯೯೩

ಅಕ್ಕಾ,

ಬೈಯಬೇಡ. ಜುಲೈಯಿಂದ ದಿನವೂ ಪತ್ರ ಬರೆದು ಹರಿಯುತ್ತಿದ್ದೇನೆ. ಮೇಳಕ್ಕೆಂದು ವಿಮಾನ ನಿಲ್ದಾಣದವರೆಗೂ ಹೋಗಿದ್ದೆ. ಅಪ್ಪನ ಎದುರು ನಿಂತು ಏನು ಹೇಳುವುದು ಎಂದು ತಿಳಿಯದೆ ತಿರುಗಿ ಬಂದೆ. ಹದಿಮೂರು ವರ್ಷದ ಹಿಂದೆ ಇನ್ನೊಂದು ಸಲ ಬಾ ಎಂದಿದ್ದರೆ ಅಪ್ಪ ಎಲ್ಲವನ್ನೂ ನೋಡಿರುತ್ತಿದ್ದ. ಈಗ ಕೇಳಬೇಕೆಂದು ಗೊತ್ತಾಗಿದೆ, ಆದರೆ ಕರೆಯಲು ಆಟವೇ ಇಲ್ಲ. ನನ್ನ ಜಾಗದಲ್ಲಿ ಬೇರೆ ಹುಡುಗ ಬಂದಿದ್ದಾನೆ.

ಆ ಹುಡುಗನ ಕಥೆ ಕೇಳು. ಹೋದ ವಾರದ ಆಟದಲ್ಲಿ ಅವನು ಚೆಂಡನ್ನು ಎಮೆರಿಯ ತಲೆಯ ಮೇಲಿಂದ ಎಸೆದ. ಎಮೆರಿ ಅದರ ಹಿಂದೆ ಓಡಿದ, ಎದುರಾಳಿಗಳೆಲ್ಲ ಎಮೆರಿಯ ಹಿಂದೆ ಓಡಿದರು. ಆಟ ಸೋತರು. ಟಿವಿಯವರು ಆ ರಾತ್ರಿಯಿಡೀ, "ಡೆಲ್ಮರ್ ಹೋವ್ಲಾಂಡ್ ಇದ್ದಿದ್ದರೆ!" ಎಂದರು. ಬೆಳಿಗ್ಗೆ ಹಾಲಿನಂಗಡಿಯವನು, "ನೀವೇ ಏನ್ರೀ ಅವ್ರು?" ಎಂದು ಕೈ ಕುಲುಕಿದ. ಹದಿನಾಲ್ಕು ವರ್ಷ ದುಡಿದಾಗ ಇಲ್ಲದ ಹೆಸರು ಮನೆಯಲ್ಲಿ ಕುಳಿತಾಗ ಬಂತು.

ಅದಕ್ಕೇ ಈಗ ತಂಡದವರು ಫೋನ್ ಮಾಡಿದ್ದಾರೆ. ಅಕ್ಟೋಬರ್ ಹದಿನೇಳರಂದು ಆಟಕ್ಕೆ ಮೊದಲು ನನ್ನನ್ನು ಮೈದಾನದ ನಡುವೆ ನಿಲ್ಲಿಸಿ ಗೌರವಿಸುತ್ತಾರಂತೆ. ಎರಡು ನಿಮಿಷದ ವಿಷಯ. ಆದರೂ ಕರೆಯಲು ಅಷ್ಟಾದರೂ ಸಿಕ್ಕಿತಲ್ಲ. ಅಪ್ಪನಿಗೆ ಬೇರೆ ಪತ್ರ ಬರೆಯುತ್ತಿದ್ದೇನೆ.

ನಿನ್ನ ತಮ್ಮನೇ ಆದ,
ಡೆಲ್ಮರ್

*

ಪೋರ್ಟ್ ಲ್ಯಾಂಬರ್ಟ್
೮ ಸೆಪ್ಟೆಂಬರ್ ೧೯೯೩

ಅಪ್ಪಾ,

ಬೆಣ್ಣೆಗೆ ಕೆನೆ ಕೊಟ್ಟೆ ಎಂದು ಆರ್ಡಿಸ್ ಬರೆದಳು. ಬಹಳ ಸಂತೋಷವಾಯಿತು.

ಅಕ್ಟೋಬರ್ ಹದಿನೇಳು, ಭಾನುವಾರ, ಇಲ್ಲಿಯ ಮೈದಾನದಲ್ಲಿ ನನ್ನನ್ನು ಗೌರವಿಸುತ್ತಾರಂತೆ. ನೀನು ಬರಬೇಕು.

ಡೆಲ್ಮರ್

*

ವೆಸ್ಟ್‌ಡಾಲ್
೧೫ ಸೆಪ್ಟೆಂಬರ್ ೧೯೯೩

ಡೆಲ್ಮರ್,

ಪತ್ರ ತಲುಪಿತು. ಬೇಡ. ಅಷ್ಟು ದೂರ ಯಾಕೆ ಸುಮ್ಮನೆ. ಈ ತಿಂಗಳು ಹಾಲಿನಲ್ಲಿ ಕೊಬ್ಬು ಚೆನ್ನಾಗಿದೆ.

ಟೋರ್ವಾಲ್ ಹೋವ್ಲಾಂಡ್

*

ಪೋರ್ಟ್ ಲ್ಯಾಂಬರ್ಟ್
೨೦ ಸೆಪ್ಟೆಂಬರ್ ೧೯೯೩

ಅಪ್ಪಾ,

ಬಾ. ಟಿಕೆಟ್ ಇದರೊಳಗಿದೆ. ಕಿಟಕಿ ಪಕ್ಕದ ಸೀಟು.

ಡೆಲ್ಮರ್

*

ವೆಸ್ಟ್‌ಡಾಲ್
೨೭ ಸೆಪ್ಟೆಂಬರ್ ೧೯೯೩

ಡೆಲ್ಮರ್,

ಟಿಕೆಟ್ ಸಿಕ್ಕಿತು. ಬರಲಾಗುವುದಿಲ್ಲ ಎಂದು ಕಾಣುತ್ತದೆ. ಜೋಳದ ಕೊಯ್ಲು ಇದೆ. ಒಂದು ಹಸು ಕುಂಟುತ್ತಿದೆ. ಅಲ್ಲಿ ಅಕ್ಟೋಬರಿನಲ್ಲಿ ಚಳಿ ಹೇಗಿರುತ್ತದೆ? ಸುಮ್ಮನೆ ಕೇಳಿದೆ.

ಟೋರ್ವಾಲ್ ಹೋವ್ಲಾಂಡ್

*

ವೆಸ್ಟ್‌ಡಾಲ್
೨೭ ಸೆಪ್ಟೆಂಬರ್ ೧೯೯೩

ಡೆಲ್ಮರ್,

ಇದು ಬರೀ ಕಾರ್ಡು, ಅಪ್ಪನಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ. ಈಗ ಕೇಳುವುದನ್ನು ನಿಲ್ಲಿಸಿದೆಯೋ, ಕೊಂದುಹಾಕುತ್ತೇನೆ! ಟಿಕೆಟನ್ನು ಈ ಸಲ ವಾಪಸ್ ಕಳಿಸಿಲ್ಲ, ಬೈಬಲ್ಲಿನಲ್ಲಿಟ್ಟಿದ್ದಾನೆ. ಕರಿಯ ಸೂಟನ್ನು ಇಸ್ತ್ರಿಗೆ ಕೊಟ್ಟಿದ್ದಾನೆ. ಯಾಕಪ್ಪಾ ಎಂದರೆ, ಯಾರಾದ್ರೂ ಸತ್ರೆ ಬೇಕಾಗುತ್ತೆ ಎನ್ನುತ್ತಾನೆ. ಎಲ್ಲರೂ ಗಟ್ಟಿಯಾಗಿದ್ದಾರೆ.

ಆರ್ಡಿಸ್

*

ಪೋರ್ಟ್ ಲ್ಯಾಂಬರ್ಟ್
೧ ಅಕ್ಟೋಬರ್ ೧೯೯೩

ಅಪ್ಪಾ,

ಇಲ್ಲಿ ಚಳಿ ಇರುವುದಿಲ್ಲ. ಬಾ ಅಪ್ಪಾ. ನೀನು ಬರಲಿಲ್ಲವೆಂದರೆ ನನಗೆ ತುಂಬಾ ದುಃಖವಾಗುತ್ತದೆ. ಆಗಲೂ ಆಗಿತ್ತು. ಆಗಲೇ ಇನ್ನೊಂದು ಸಲ ಕೇಳಬೇಕಾಗಿತ್ತು.

ಡೆಲ್ಮರ್

*

ವೆಸ್ಟ್‌ಡಾಲ್
೭ ಅಕ್ಟೋಬರ್ ೧೯೯೩

ಡೆಲ್ಮರ್,

ಇಷ್ಟು ಬಲವಂತ ಮಾಡಿದ ಮೇಲೆ ಬರದಿದ್ದರೆ ಚೆನ್ನಾಗಿರುವುದಿಲ್ಲ. ಬರುತ್ತೇನೆ. ಕೊಯ್ಲು ಮುಗಿಯಿತು. ಹಸುವಿನ ಕಾಲು ವಾಸಿಯಾಗಿದೆ. ಕರೆಯುವುದಕ್ಕೆ ಎಲ್ಮೊ ಇದ್ದಾನೆ. ಅವನಿಗೂ ವಯಸ್ಸಾಯಿತು, ಅದಕ್ಕೆ ಅವನ ಸೊಸೆಗೂ ಹೇಳಿದ್ದೇನೆ. ವಿಮಾನದಲ್ಲಿ ಊಟ ಕೊಡುತ್ತಾರಂತೆ. ಒಂದೇ ಸಲ ಕೇಳುತ್ತಾರೆ, ತಕ್ಷಣ ಹೂಂ ಅನ್ನು ಎಂದು ಆರ್ಡಿಸ್ ಹೇಳಿಕೊಟ್ಟಿದ್ದಾಳೆ.

ಒಂದು ಮಾತು. ಅವತ್ತು ನೀನು ಸೂಟು ಹಾಕಿಕೊಂಡು ಮೈದಾನದ ನಡುವೆ ನಿಂತು ಕೈ ಬೀಸುತ್ತೀಯ, ಅಷ್ಟೇ ಎಂದು ಅವಳು ಹೇಳಿದಳು. ಕೈ ಬೀಸುವುದನ್ನು ನೋಡಲು ನಾನು ವಿಮಾನ ಹತ್ತುವುದಿಲ್ಲ. ಒಂದು ಚೆಂಡು ತರಿಸು. ಸೂಟಿನಲ್ಲೇ ಆದರೂ ಚಿಂತೆಯಿಲ್ಲ, ಒಂದು ಸಲ ಬಗ್ಗಿ ಎಸೆದು ತೋರಿಸು. ಬೆಣ್ಣೆಯಲ್ಲಿ ನೋಡಿದ್ದು ನನಗೆ ಸಾಲದು. ನಿನ್ನ ಕೆಲಸ ನೋಡಬೇಕು ಎಂದು ನಾನು ಬಹಳ ವರ್ಷದಿಂದ ಕಾದಿದ್ದೇನೆ.

ಮೈದಾನದವರು ಬೇಡ ಅಂದರೆ ಮತ್ತೆ ಕೇಳು.

ಅಪ್ಪ